ಕೆಂಪು ನಕ್ಷತ್ರದ ಜೊತೆಗಾರ

ಹೆಬ್ಬೆರಳಿನಷ್ಟಗಲದ ಒಂದು ಕನ್ನಡಿಯನ್ನು ಅತ್ತೆ ಪಾತ್ರೆ ಉಜ್ಜುವ ಪುಡಿ ಹಾಕಿ ತೊಳೆದದ್ದೇ ಆ ದಿನದ ಫಜೀತಿಗೆಲ್ಲ ಮೂಲ.

ತೊಳೆಯುವುದು ಅತ್ತೆಯ ಹುಟ್ಟುಗುಣ. ಅವರು ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಆ ಮನೆಯಲ್ಲಿ ಕೊಳೆ ಎಂಬುದು ನಿಲ್ಲಲು ನೆಲೆಯಿಲ್ಲದೆ ಬೀದಿಪಾಲಾಗಿತ್ತು. ಬಾಗಿಲ ಚಿಲಕ, ಛತ್ರಿಯ ಹಿಡಿ, ಅಳಿಯನ ಚಪ್ಪಲಿಯ ಅಡಿ, ಯಾವುದನ್ನೂ ಅವರು ಬಿಟ್ಟವರಲ್ಲ. ಹಿಂದಿನ ಸಂಜೆ ಅಳಿಯ ತನ್ನ ದುರ್ಬೀನಿನಿಂದ ಆ ಪುಟ್ಟ ಕನ್ನಡಿಯನ್ನು ಬಿಚ್ಚಿ, ದೂಳು ಊದಿ, ಅಡುಗೆಮನೆಯ ಕಿಟಕಿಯ ಮೇಲಿಟ್ಟು ಮರೆತಿದ್ದ. ಬೆಳಿಗ್ಗೆ ನೋಡಿದರೆ ಅದು ಅಲ್ಲೇ ಇತ್ತು. ಆದರೆ ಅದರೊಳಗೆ ಅವನ ಮುಖ ಕಾಣಲಿಲ್ಲ. ಅದರ ಮೂಲಕ ಕಿಟಕಿಯ ಸರಳು, ಸರಳಿನಾಚೆ ಪಕ್ಕದ ಬೇಕರಿಯ ಚಿಮಣಿ, ಚಿಮಣಿಯ ಮೇಲೆ ಕೂತ ಕಾಗೆ, ಎಲ್ಲ ನಿಚ್ಚಳವಾಗಿ ಕಂಡವು.

"ಎಷ್ಟು ಕೊಳೆ ಕೂತಿತ್ತು ಅಂತೀರಿ," ಎಂದರು ಅತ್ತೆ, ಹೊಗಳಿಕೆಗೆ ಕಾದವರ ದನಿಯಲ್ಲಿ. "ಬೆಳ್ಳಿ ಥರ ಪದರ ಪದರವಾಗಿ ಎದ್ದು ಬಂತು. ಉಜ್ಜೀ ಉಜ್ಜೀ ತೋಳೇ ಬಿದ್ದುಹೋಯ್ತು."

ನಾವು ನೀವು ಮುಖ ನೋಡಿಕೊಳ್ಳುವ ಕನ್ನಡಿಯಲ್ಲಿ ಮುಂದೆ ಗಾಜು, ಹಿಂದೆ ಬಿಂಬ ಕೊಡುವ ರಸದ ಲೇಪ. ದುರ್ಬೀನಿನ ಕನ್ನಡಿ ಹಾಗಲ್ಲ. ಅದಕ್ಕೆ ರಸವನ್ನು ಮುಂದೆಯೇ ಬಳಿದಿರುತ್ತಾರೆ, ಬೆರಳು ತಾಕಿದರೂ ಗೀರು ಬೀಳುತ್ತದೆ. ಅತ್ತೆ ಉಜ್ಜಿ ತೆಗೆದ ಕೊಳೆ ಆ ರಸವೇ.

"ಅತ್ತೆ, ನಿಮಗೆ ಕಣ್ಣು ಕಾಣಿಸಲ್ವಾ?" ಎಂದುಬಿಟ್ಟ ಅಳಿಯ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅತ್ತೆ ಕೈಯಲ್ಲಿದ್ದ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಬೋರಲು ಹಾಕಿ, ಇನ್ನೊಂದನ್ನು ಎತ್ತಿಕೊಂಡರು. ಅವರು ಮಾತಾಡದಿದ್ದರೆ ಮಾತು ಮುಗಿಯಿತೆಂದಲ್ಲ, ಜಮೆಯಾಯಿತೆಂದು ಅರ್ಥ.

ಈ ಅಳಿಯನದು ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ. ಹಗಲೆಲ್ಲ ಹಿಟ್ಟು ಬೀಸಿ ರೆಪ್ಪೆಯವರೆಗೆ ಬೆಳ್ಳಗಾಗಿ, ಸಂಜೆಯಾದರೆ ಹಿತ್ತಲಲ್ಲಿ ನಿಂತು ಆಕಾಶ ನೋಡುವವನಾದ್ದರಿಂದ ಬೀದಿಯವರು ಅವನಿಗೆ ಚುಕ್ಕಿರಾಯ ಎಂದು ಹೆಸರಿಟ್ಟಿದ್ದರು. ದುರ್ಬೀನಿನ ತಳದಲ್ಲಿ ಕೂರುವ ದೊಡ್ಡ ಕನ್ನಡಿಯ ಗಾಜನ್ನು ಅವನೇ ಇನ್ನೊಂದು ಗಾಜಿನ ಮೇಲಿಟ್ಟು, ನಡುವೆ ಮರಳಿನಂಥ ಪುಡಿ ಹಾಕಿ, ಒಂದು ಮಳೆಗಾಲವಿಡೀ ಕೈಯಲ್ಲೇ ಬೀಸಿ ಕಡೆದಿದ್ದ. ಅದು ಹಿಡಿದ ಬೆಳಕನ್ನು ಕಣ್ಣಿನತ್ತ ತಿರುಗಿಸಿಕೊಡುವುದೇ ಆ ಪುಟ್ಟ ಕನ್ನಡಿ. ಹಿತ್ತಲಿನ ಒಂದೇ ಒಂದು ಸಮತಟ್ಟಾದ ಮೂಲೆಯಲ್ಲಿ ಸಿಮೆಂಟಿನ ಕಂಬ ಎಬ್ಬಿಸಿ, ಅದರ ಮೇಲೆ ದುರ್ಬೀನು ಕೂರಿಸಿದ್ದ. ಅವನ ಒಲವೆಲ್ಲ ಜೋಡಿ ನಕ್ಷತ್ರಗಳ ಮೇಲೆ. ಬರಿಗಣ್ಣಿಗೆ ಒಂದಾಗಿ ಕಾಣುವುದು ದುರ್ಬೀನಿನಲ್ಲಿ ಎರಡಾಗಿ ಬಿಡಿಸಿಕೊಂಡಾಗ ಅವನಿಗೆ ಕಗ್ಗಂಟು ಬಿಚ್ಚಿದಷ್ಟು ಸುಖ. ಹಳದಿ-ನೀಲಿಯ ಜೋಡಿ, ಬಿಳಿ-ಬಿಳಿಯ ಜೋಡಿ, ಹಲವನ್ನು ಬಿಡಿಸಿದ್ದ. ಬಿಡಿಸಲಾಗದೆ ಉಳಿದದ್ದು ಚೇಳಿನ ಎದೆಯಲ್ಲಿರುವ ಕೆಂಪು ನಕ್ಷತ್ರ, ಜ್ಯೇಷ್ಠಾ. ಅದರ ಮಗ್ಗುಲಲ್ಲೇ ಒಂದು ಸಣ್ಣ ಹಸಿರು ಜೊತೆಗಾರ ಇದೆಯೆಂದು ಪುಸ್ತಕಗಳು ಹೇಳುತ್ತಿದ್ದವು. ಕೆಂಪಿನ ಪ್ರಭೆಯಲ್ಲಿ ಅದು ಮುಳುಗಿರುತ್ತದೆ, ಗಾಳಿ ಕದಲದೆ ನಿಂತ ಮುಸ್ಸಂಜೆಯಲ್ಲಿ ಮಾತ್ರ ಇಣುಕುತ್ತದೆ.

ಗಾಳಿ ನಿಲ್ಲಬೇಕಲ್ಲ. ಅವನ ಹಿತ್ತಲಿನ ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಯಾರದೋ ಹೊಸ ಮಹಡಿ. ನಡುವಿನ ಸಂದಿನಲ್ಲಿ ಆ ನಕ್ಷತ್ರ ಕಾಣುವುದು ಸರಿಯಾಗಿ ಬೇಕರಿಯ ಚಿಮಣಿಯ ನೆತ್ತಿಯ ಮೇಲೆ. ಬೇಕರಿಯವನು ಒಲೆಗೆ ಬೆಂಕಿ ಹಾಕುವುದೂ ಅದೇ ಮುಸ್ಸಂಜೆಗೆ. ಚಿಮಣಿಯ ಕಾವಿಗೆ ನಕ್ಷತ್ರ ಕಾದ ಹೆಂಚಿನ ಮೇಲೆ ಬಿದ್ದ ನೀರ ಹನಿಯಂತೆ ತಕಪಕ ಕುಣಿಯುತ್ತಿತ್ತು. ಒಂದೂ ನೆಟ್ಟಗೆ ಕಾಣದ ಕಡೆ ಎರಡನೆಯದನ್ನು ಹುಡುಕುವುದೆಲ್ಲಿ.

ಹೆಂಡತಿ ಹೊಲಿಗೆಯವಳು. ಕೆಲಸ ಹೆಚ್ಚಾಗಿ ಮನೆಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಬಟ್ಟೆ ಬಿದ್ದಿತ್ತು. ಕಂಬವಿದ್ದ ಮೂಲೆಯಲ್ಲಿ ಒಂದು ಕೋಣೆ ಎಬ್ಬಿಸಿದರೆ ಎರಡನೆಯ ಮಷೀನು ಹಾಕಬಹುದೆಂದು ಅವಳ ಲೆಕ್ಕ. ಅವಳು ಜಗಳವಾಡಿದವಳಲ್ಲ. ಮೂರು ವರ್ಷದಿಂದ ಗಂಡ "ನಾಳೆ ತೋರಿಸ್ತೀನಿ" ಎಂದದ್ದನ್ನು ಕೇಳಿ ಕೇಳಿ, ಕೊನೆಗೆ ಆ ವಾರ ಬಟ್ಟೆ ಕತ್ತರಿಸಿದಷ್ಟೇ ನೇರವಾಗಿ ಹೇಳಿದ್ದಳು.

"ನೋಡಿ, ಶನಿವಾರ ಸಂಜೆ ಅಣ್ಣ ಬರ್ತಾನೆ. ಅವತ್ತು ನನ್ನ ಕಣ್ಣಿಗೆ ಎರಡು ಕಂಡರೆ ಕಂಬ ಇರಲಿ, ನಾನಿನ್ನು ಬಾಯಿ ಬಿಡಲ್ಲ. ಒಂದೇ ಕಂಡರೆ ಮಾರನೇ ಬೆಳಿಗ್ಗೆ ಅಣ್ಣ ಕಂಬ ಒಡೀತಾನೆ, ನೀವು ಬಾಯಿ ಬಿಡಬಾರದು."

ಅಣ್ಣ ಗಾರೆ ಮೇಸ್ತ್ರಿ. ಕಟ್ಟುವುದಕ್ಕಿಂತ ಒಡೆಯುವುದರಲ್ಲಿ ಅವನಿಗೆ ಹುರುಪು ಜಾಸ್ತಿ. ಆ ಶನಿವಾರದ ಬೆಳಿಗ್ಗೆಯೇ ಈಗ ಚುಕ್ಕಿರಾಯ ಕೈಯಲ್ಲಿ ಕನ್ನಡಿಯಲ್ಲದ ಕನ್ನಡಿ ಹಿಡಿದು ನಿಂತಿದ್ದ.

ಅವನು ನೇರ ಗಾಜಿನಂಗಡಿಗೆ ಓಡಿದ. ಫೋಟೋಗಳಿಗೆ ಕಟ್ಟು ಹಾಕಿ, ಕಿಟಕಿಗಳಿಗೆ ಗಾಜು ಕೊಯ್ದು ಕೂದಲು ನರೆಸಿಕೊಂಡ ಆ ಅಂಗಡಿಯ ಯಜಮಾನನಿಗೆ ಅವಸರ ಎಂಬುದು ಗೊತ್ತಿರಲಿಲ್ಲ. ಮೊದಲು ಒಬ್ಬ ಗಿರಾಕಿಯ ಬೀರುವಿನ ಕನ್ನಡಿಯ ಒಂದು ತುದಿಯನ್ನು ಚುಕ್ಕಿರಾಯನ ಕೈಗೆ ಕೊಟ್ಟು ನಿಲ್ಲಿಸಿದ. ಅದು ಮುಗಿದ ಮೇಲೆ ಅದಕ್ಕೆ ಕಟ್ಟು ಹಾಕಿದ. ಕಟ್ಟಿಗೆ ಹೊಳಪು ಹಚ್ಚಿದ. ಆಮೇಲೆ, ಏನು ಬಂದಿರಿ, ಎಂದು ಕೇಳಿದ.

ಚುಕ್ಕಿರಾಯ ವಿವರಿಸಿದ. ತೆಳ್ಳಗಿನ ಕನ್ನಡಿಯ ತುಂಡೊಂದನ್ನು ಈ ಅಳತೆಗೆ ಕೊಯ್ಯಬೇಕು. ಹಿಂದಿನ ಕೆಂಪು ಬಣ್ಣವನ್ನು ಎಣ್ಣೆ ಹಚ್ಚಿ ಮೆಲ್ಲಗೆ ಕರಗಿಸಿ ತೆಗೆದು, ರಸ ಬಯಲಾದ ಆ ಬೆನ್ನನ್ನೇ ಮುಂದೆ ಮಾಡಿ, ದುರ್ಬೀನಿನಲ್ಲಿ ಕನ್ನಡಿ ಕೂರುವ ಈ ಹಿಡಿಕೆಗೆ ಅಂಟಿಸಬೇಕು. ಇಷ್ಟು ಹೇಳುವಷ್ಟರಲ್ಲಿ ಯಜಮಾನನ ಮುಖ, ಮಗುವನ್ನು ತಲೆಕೆಳಗಾಗಿ ಎತ್ತಿಕೋ ಎಂದರೆ ಹೇಗಾದೀತೋ ಹಾಗಾಯಿತು.

"ಕನ್ನಡಿಯ ಬೆನ್ನು ಮುಂದಕ್ಕೆ? ನಮ್ಮಪ್ಪನ ಕಾಲದಿಂದ ಇಂಥ ಕೆಲಸ ಈ ಅಂಗಡಿಯಲ್ಲಿ ಆಗಿಲ್ಲ ಸ್ವಾಮಿ."

ಚುಕ್ಕಿರಾಯ ಬೆಂಕಿಕಡ್ಡಿ ಗೀರಿ ಒಂದು ಕನ್ನಡಿಯ ಮುಂದೆ ಹಿಡಿದು, ಓರೆಯಾಗಿ ನೋಡಿ ಎಂದ. ಯಜಮಾನ ನೋಡಿದ. ಒಂದು ಉರಿಯ ಪಕ್ಕದಲ್ಲಿ ಇನ್ನೊಂದು ಮಂಕು ಉರಿ ನಿಂತಿತ್ತು. ಗಾಜಿನ ಮುಖದ್ದೊಂದು, ಹಿಂದಿನ ರಸದ್ದೊಂದು, ಹೀಗೆ ಎರಡೆರಡು ಬಂದರೆ ನನ್ನ ಕೆಲಸ ಕೆಡುತ್ತದೆ ಎಂದು ಚುಕ್ಕಿರಾಯ ತಿಳಿಸಿ ಹೇಳಿದ. ಯಜಮಾನ ಕಡ್ಡಿ ಬೆರಳು ಸುಡುವವರೆಗೂ ನೋಡಿ, ಇಷ್ಟು ವರ್ಷ ಇದನ್ನು ಗಮನಿಸಿಯೇ ಇರಲಿಲ್ಲವೆಂದ. ಸಂಜೆಯೊಳಗೆ ತಾನೇ ಅಂಟಿಸಿ ಮನೆಗೆ ತಂದುಕೊಡುವುದಾಗಿ ಒಪ್ಪಿದ.

ಇತ್ತ ಗಿರಣಿಯ ಮುಂದೆ ಡಬ್ಬಗಳ ಸಾಲು ಬೀದಿಯ ತಿರುವು ದಾಟಿತ್ತು. ಗಿರಣಿಗೆ ತನ್ನದೇ ಒಂದು ಶಿಸ್ತಿದೆ. ಮೆಣಸಿನಕಾಯಿ ದಿನದ ಕೊನೆಗೆ, ಅದಾದ ಮೇಲೆ ಎರಡು ಬೊಗಸೆ ನುಚ್ಚು ಹಾಕಿ ಕಲ್ಲು ತೊಳೆಯುವುದು. ಆವತ್ತು ತಡವಾದ ಸಿಟ್ಟಿಗೆ ಮುಂದಿದ್ದ ಮುದುಕಿ ತನ್ನ ಮೆಣಸಿನಕಾಯಿಯೇ ಮೊದಲಾಗಬೇಕೆಂದು ಪಟ್ಟು ಹಿಡಿದಳು. ಚುಕ್ಕಿರಾಯ ಬೀಸಿಕೊಟ್ಟ. ಕೈ ಗಿರಣಿಯ ಮೇಲಿತ್ತು, ತಲೆ ಹೆಬ್ಬೆರಳಗಲದ ಕನ್ನಡಿಯ ಮೇಲಿತ್ತು. ನುಚ್ಚು ಹಾಕುವುದು ಮರೆತು, ಮುಂದಿನ ಚೀಲವನ್ನು ಹಾಗೇ ಸುರಿದ. ಅದು ಬೇಕರಿಯವನ ಗೋಧಿ.

ಹಿಟ್ಟು ಯಾವತ್ತಿಗಿಂತ ಕೊಂಚ ಗುಲಾಬಿಯಾಗಿ ಬಂತು. ಸಂಜೆಯ ಕೆಂಪು ನಕ್ಷತ್ರವನ್ನೇ ನೆನೆಯುತ್ತಿದ್ದ ಚುಕ್ಕಿರಾಯನಿಗೆ ಅದು ಶುಭಶಕುನದಂತೆ ಕಂಡಿತು. ಚೀಲದ ಬಾಯಿ ಕಟ್ಟಿ ಕಳಿಸಿದ.

ಸಂಜೆ ಅವನು ಮನೆ ಸೇರಿದಾಗ ಮೇಸ್ತ್ರಿ ಆಗಲೇ ಬಂದು, ಕಂಬದ ಪಕ್ಕ ಚೀಲವಿಟ್ಟು, ಅದರ ಬುಡವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ. ಒಳ್ಳೆಯ ಹದದಲ್ಲಿ ಕಟ್ಟಿದ್ದೀಯ ಭಾವ, ಎರಡೇಟಿಗೆ ಬೀಳಲ್ಲ, ಎಂದು ಮೆಚ್ಚಿಕೊಂಡ. ಅದು ಮೆಚ್ಚುಗೆಯೋ ಮರುಕವೋ ತಿಳಿಯದೆ ಚುಕ್ಕಿರಾಯ ತಲೆಯಾಡಿಸಿದ. ಹೆಂಡತಿ ಕೋಣೆಯ ಅಳತೆಗೆ ಟೇಪು ಹಿಡಿದಿದ್ದಳು. ಅತ್ತೆ ಮೇಸ್ತ್ರಿಯ ಕರಣೆಯನ್ನು ತೊಳೆಯುತ್ತಿದ್ದರು.

ಬೆಳಕು ಇಳಿಯತೊಡಗಿತು. ಗಾಜಿನಂಗಡಿಯವನ ಸುಳಿವಿಲ್ಲ. ಅವನ ಬದಲು ಹಿತ್ತಲ ಬಾಗಿಲು ದೂಡಿಕೊಂಡು ಬಂದವನು ಬೇಕರಿಯವನು. ಮೊಣಕೈವರೆಗೆ ಹಿಟ್ಟು, ಎರಡು ಅಂಗೈಯಲ್ಲೂ ಕಲಸಿದ ಮುದ್ದೆ, ಕಣ್ಣು ಕೆಂಡದ ಹಾಗೆ. ಅವನ ಬೆನ್ನಿಗೆ ಬ್ರೆಡ್ಡಿಗಾಗಿ ಕಾದು ಬರಿಗೈಯಾದ ಏಳೆಂಟು ಮಂದಿ.

"ಇದನ್ನು ನಾಲಿಗೆ ಮೇಲಿಟ್ಟು ನೋಡು ಚುಕ್ಕಿರಾಯ," ಎಂದ ಬೇಕರಿಯವನು. "ಇಟ್ಟು ನೋಡಿ ಆಮೇಲೆ ಹೇಳು, ಇದು ಗೋಧಿಯೋ ಮೆಣಸಿನಕಾಯಿಯೋ ಅಂತ. ಇಡೀ ಚೀಲ ಹಾಳು. ಇವತ್ತು ಒಲೆಗೆ ಬೆಂಕಿಯನ್ನೇ ಹಾಕಿಲ್ಲ ನಾನು."

"ಏನಂದೆ?" ಎಂದ ಚುಕ್ಕಿರಾಯ.

"ಒಲೆ ಹಚ್ಚಿಲ್ಲ ಅಂದೆ."

ಚುಕ್ಕಿರಾಯ ಚಿಮಣಿಯ ಕಡೆ ತಿರುಗಿದ. ಮೂರು ವರ್ಷದಲ್ಲಿ ಮೊದಲ ಸಲ ಅದು ತಣ್ಣಗೆ, ಸಾಧುವಿನಂತೆ ನಿಂತಿತ್ತು. ಮೇಲಿನ ಆಕಾಶ ಒಂದಿಷ್ಟೂ ನಡುಗದೆ ಕೊಳದ ನೀರಿನ ಹಾಗಿತ್ತು. ಅವನ ಮುಖದ ಮೇಲೆ ನಗು ಹರಡಿತು. ಆ ನಗು ಬೇಕರಿಯವನ ಕಣ್ಣಿಗೆ ಬಿದ್ದದ್ದು ಸಮಸ್ಯೆಯಾಯಿತು. ಚೀಲ ಹಾಳು ಮಾಡಿ ಹಲ್ಲು ಕಿಸಿಯುತ್ತಾನೆ, ಬೇಕೆಂದೇ ಮಾಡಿದ್ದಾನೆ, ಎಂದು ಅವನು ಬೆನ್ನ ಹಿಂದಿನ ಪಂಚಾಯಿತಿಗೆ ದೂರು ಕೊಟ್ಟ. ಹಸಿದವರಿಗೆ ಅದು ತಟ್ಟನೆ ನಂಬಿಕೆಯಾಯಿತು. ಹೆಂಡತಿ ನಡುವೆ ಬಂದು, ಇವತ್ತು ದುರ್ಬೀನಿನ ಕೊನೆಯ ಪರೀಕ್ಷೆ, ಮುಗಿಯುವವರೆಗೆ ತಡೆದುಕೊಳ್ಳಿ, ಆಮೇಲೆ ಇವರನ್ನು ಏನು ಬೇಕಾದರೂ ಮಾಡಿಕೊಳ್ಳಿ, ಎಂದು ಸಮಾಧಾನ ಹೇಳಿದಳು. ನಮ್ಮ ಬ್ರೆಡ್ಡಿಗಿಂತ ಹೆಚ್ಚಿನದು ಅದೇನಿದೆಯೋ ನೋಡಿಯೇ ಹೋಗುತ್ತೇವೆಂದು ಎಲ್ಲರೂ ಕಲ್ಲು, ಕಟ್ಟೆ, ಮಗುಚಿದ ಬಕೆಟ್ಟು, ಸಿಕ್ಕಿದ್ದರ ಮೇಲೆ ಕೂತರು.

ಆಗ ಗಾಜಿನಂಗಡಿಯ ಯಜಮಾನ ನಿಧಾನವಾಗಿ ನಡೆದು ಬಂದ. ಕನ್ನಡಿಯನ್ನು ಹಿಡಿಕೆಗೆ ಎಷ್ಟು ನಾಜೂಕಾಗಿ ಅಂಟಿಸಿದ್ದನೆಂದರೆ ಅಂಚಿಗೆ ಕಪ್ಪು ಪಟ್ಟಿಯ ಕಟ್ಟೂ ಹಾಕಿದ್ದ. ಅದರ ಅಂದಚೆಂದ ನೋಡುತ್ತ ಕೂರಲು ಹೊತ್ತಿರಲಿಲ್ಲ. ಚುಕ್ಕಿರಾಯ ಮಬ್ಬಿನಲ್ಲೇ ಅದನ್ನು ಕೊಳವೆಯ ಬಾಯಿಗೆ ಸಿಕ್ಕಿಸಿ, ತಿರುಪು ಬಿಗಿದು, ಕಣ್ಣಿಡುವ ಗಾಜನ್ನು ಹಾಕಿ, ಕೆಂಪು ನಕ್ಷತ್ರಕ್ಕೆ ಗುರಿ ಹಿಡಿದ.

ಕಣ್ಣಿಟ್ಟವನು ತೆಗೆಯಲೇ ಇಲ್ಲ.

ಕೆಂಪು ನಕ್ಷತ್ರ ಕದಲದೆ ನಿಂತಿತ್ತು. ಅದರ ಮಗ್ಗುಲಲ್ಲಿ, ಸಣ್ಣಗೆ, ಮಂಕಾಗಿ, ಇನ್ನೊಂದು. ಪುಸ್ತಕ ಹೇಳಿದ್ದಕ್ಕಿಂತ ದೂರವೇ ನಿಂತಿತ್ತು. ತನ್ನ ಕೈಯಾರೆ ಕಡೆದ ಕನ್ನಡಿಯ ಶಕ್ತಿಗೆ ಅದು ಸಾಕ್ಷಿಯೆಂದು ಚುಕ್ಕಿರಾಯ ಎಣಿಸಿದ. ಹಸಿರು ಅಷ್ಟಾಗಿ ಕಾಣಲಿಲ್ಲ. ಸಂತೋಷದಲ್ಲಿ ಬಣ್ಣ ತಿಳಿಯುತ್ತಿಲ್ಲವೆಂದುಕೊಂಡ. ಬೆರಳು ಮಾಡಿ ತೋರಿಸಿದ.

ಎಲ್ಲರಿಗಿಂತ ಮೊದಲು ನುಗ್ಗಿದವನು ಬೇಕರಿಯವನು. ಮುದ್ದೆ ಮೆತ್ತಿದ ಕೈಯಲ್ಲೇ ಕಣ್ಣಿಡುವ ಗಾಜನ್ನು ಹಿಡಿದು, ಒಂದು ಕಣ್ಣು ಮುಚ್ಚಿ ಬಗ್ಗಿದ.

"ಎಷ್ಟಿವೆ?"

"ಎರಡು."

"ಸಣ್ಣದು ಹಸಿರು ತಾನೆ?"

ಬೇಕರಿಯವನು ಯೋಚಿಸಿದ. ಹೌದೆಂದರೆ ಬೇಗ ಮುಗಿಯುತ್ತದೆ ಎನ್ನಿಸಿರಬೇಕು. "ಹಸಿರೇ," ಎಂದ. ಎದ್ದು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಅವನ ಕಣ್ಣಿಂದ ನೀರು ಇಳಿಯತೊಡಗಿತು.

ಮುಂದೆ ಮೇಸ್ತ್ರಿ ನೋಡಿದ. ಗೋಡೆ ಬಿದ್ದು ಕಾಲು ಮುರಿದಾಗಲೂ ಅಳದವನು. ಎರಡಿವೆ ಭಾವ, ಎನ್ನುತ್ತ ನೆಟ್ಟಗಾದವನ ಕೆನ್ನೆ ಒದ್ದೆಯಾಗಿತ್ತು. ಒಬ್ಬೊಬ್ಬರೇ ಬಂದರು, ಬಗ್ಗಿದರು, ಎರಡೆಂದರು, ಕಣ್ಣೊರೆಸಿಕೊಳ್ಳುತ್ತ ಪಕ್ಕಕ್ಕೆ ಸರಿದರು. ಸಾವಿನ ಮನೆಯಲ್ಲೂ ಅಷ್ಟು ಮಂದಿ ಒಟ್ಟಿಗೆ ಅತ್ತದ್ದನ್ನು ಆ ಬೀದಿ ಕಂಡಿರಲಿಲ್ಲ. ಆಕಾಶದ ಮಹಿಮೆಗೆ ಮನುಷ್ಯ ಹೀಗೆ ಕರಗುತ್ತಾನೆಂದು ಚುಕ್ಕಿರಾಯನಿಗೇ ಗೊತ್ತಿರಲಿಲ್ಲ. ಬೇಕರಿಯವನ ಕೈಯ ಮೆಣಸಿನಕಾಯಿ ಅವನ ನೆನಪಿಗೆ ಬರಲಿಲ್ಲ.

ಹೆಂಡತಿ ಬಹಳ ಹೊತ್ತು ನೋಡಿದಳು. ತಲೆ ಎತ್ತಿದಾಗ ಅವಳ ಕಣ್ಣೂ ತುಂಬಿತ್ತು.

"ಇದೆಯಲ್ಲರೀ," ಎಂದಳು ಮೆಲ್ಲಗೆ. "ಮೂರು ವರ್ಷ ನೀವು ಹೇಳಿದ್ದೆಲ್ಲ ಸುಳ್ಳು ಅಂದುಕೊಂಡಿದ್ದೆ. ಅಣ್ಣಾ, ಕಂಬ ಇರಲಿ ಬಿಡು. ಮಷೀನು ಜಗಲಿಗೆ ಹಾಕಿಕೊಳ್ತೀನಿ."

ಮೇಸ್ತ್ರಿ ಮೂಗೊರೆಸಿಕೊಂಡು ಸುತ್ತಿಗೆಯನ್ನು ಚೀಲದೊಳಗಿಟ್ಟ.

ಕೊನೆಗೆ ಅತ್ತೆ. ಅವರು ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು, ಕಣ್ಣಿಡುವ ಗಾಜಿನ ಸುತ್ತ ಚೆನ್ನಾಗಿ ಒರೆಸಿ, ಆಮೇಲೆ ಬಗ್ಗಿದರು. ಅಲ್ಲಿದ್ದವರಲ್ಲಿ ಅಳದೆ ನೋಡಿದವರು ಅವರೊಬ್ಬರೇ.

"ಎರಡೂ ಕೆಂಪೇ ಇವೆಯಲ್ಲ," ಎಂದರು.

"ಹಸಿರು ಅತ್ತೆ, ಸೂಕ್ಷ್ಮ ಕಣ್ಣಿಗೆ ತಿಳಿಯುತ್ತೆ," ಎಂದ ಚುಕ್ಕಿರಾಯ ಗೆದ್ದವನ ಧಾರಾಳತನದಲ್ಲಿ.

ಅತ್ತೆ ಒಂದು ಸಲ ಅವನ ಮುಖ ನೋಡಿ, ಕೊಳವೆಯನ್ನು ತಮ್ಮಷ್ಟಕ್ಕೆ ಅತ್ತಿತ್ತ ತಿರುಗಿಸುತ್ತ ನಿಂತರು. ಮನೆಯಲ್ಲಿದ್ದದ್ದನ್ನೆಲ್ಲ ಹೆಂಡತಿ ಬಂದವರಿಗೆ ಹಂಚಿದಳು. ನಾಳೆ ಬೆಳಿಗ್ಗೆ ಚುಕ್ಕಿರಾಯ ಬೇಕರಿಗೆ ಬಂದು ಹೊಸ ಹಿಟ್ಟು ತಾನೇ ನಾದಿಕೊಡಬೇಕೆಂದು ತೀರ್ಮಾನವಾಗಿ, ಹೊಟ್ಟೆ ಅರೆಬರೆ ತುಂಬಿದ ಪಂಚಾಯಿತಿ ಚದುರಿತು. ಹೋಗುವವರಿಗೆಲ್ಲ ಹೆಂಡತಿ, ನಾಳೆ ಮನೆಯವರನ್ನೂ ಕರೆದುಕೊಂಡು ಬನ್ನಿ, ನಮ್ಮವರು ದಿನಾ ತೋರಿಸುತ್ತಾರೆ, ಎಂದು ಹೇಳಿ ಕಳಿಸಿದಳು. ಅಣ್ಣನಿಗೆ ಇನ್ನೊಂದು ಮಾತನ್ನೂ ಹೇಳಿದಳು. ಎರಡು ಕಾಣುತ್ತಿರುವವರೆಗೆ ಈ ಕಂಬಕ್ಕೆ ಯಾರೂ ಕೈ ಹಚ್ಚುವಂತಿಲ್ಲ.

ಅತ್ತೆ ಒಳಗೆ ಹೋದರು. ಒಂಟಿಯಾದ ಚುಕ್ಕಿರಾಯ ಸಂತೋಷಕ್ಕೆಂದು ದುರ್ಬೀನನ್ನು ನೆತ್ತಿಯ ಹತ್ತಿರದ ಒಂದು ಬಿಳಿ ನಕ್ಷತ್ರಕ್ಕೆ ತಿರುಗಿಸಿದ. ಅದು ಒಂಟಿಯೆಂದು ಅವನಿಗೆ ಚೆನ್ನಾಗಿ ಗೊತ್ತು. ಅದರ ಮಗ್ಗುಲಲ್ಲೂ ಒಂದು ಮಂಕು ಜೊತೆಗಾರ ನಿಂತಿತ್ತು. ಅಷ್ಟೇ ದೂರ, ಅದೇ ಪಕ್ಕ. ಇನ್ನೊಂದಕ್ಕೆ ತಿರುಗಿಸಿದ, ಅದಕ್ಕೂ. ಮತ್ತೊಂದು, ಅದಕ್ಕೂ. ಆಕಾಶದಲ್ಲಿ ಒಬ್ಬನೇ ಒಬ್ಬ ಬ್ರಹ್ಮಚಾರಿ ಉಳಿದಿರಲಿಲ್ಲ. ಒಂದೇ ಸಂಜೆಯಲ್ಲಿ ಎಲ್ಲರಿಗೂ ಲಗ್ನವಾಗಿತ್ತು.

ಬೆಳಿಗ್ಗೆಯ ಬೆಂಕಿಕಡ್ಡಿ ಅವನ ತಲೆಯೊಳಗೆ ಹೊತ್ತಿಕೊಂಡಿತು.

ಗಾಜಿನಂಗಡಿಯ ಯಜಮಾನ ಇನ್ನೂ ಹೋಗದೆ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಚುಕ್ಕಿರಾಯ ಅವನ ಹತ್ತಿರ ಹೋಗಿ, ಕನ್ನಡಿಯ ಯಾವ ಮುಖ ಮುಂದಿದೆ ಎಂದು ಕೇಳಿದ.

"ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ ಸ್ವಾಮಿ," ಎಂದ ಯಜಮಾನ. "ಬೆನ್ನು ಮುಂದೆ ಮಾಡಿ ಕೂರಿಸೋಕೆ ಕೈ ಬರಲಿಲ್ಲ. ಕನ್ನಡಿ ಹೇಗಿರಬೇಕೋ ಹಾಗೇ ಕೂರಿಸಿದೆ. ಈಗ ನೋಡಿ, ಊರೇ ನೋಡಿ ಅತ್ತಿದೆ. ಒಂದು ಕೊಟ್ಟರೆ ಎರಡು ಕೊಡೋ ಕನ್ನಡಿಯನ್ನು ನೀವು ಕೆಟ್ಟದ್ದು ಅಂದಿರಲ್ಲ."

ಅವನು ಹೋದ ಮೇಲೆ ಚುಕ್ಕಿರಾಯ ಕಟ್ಟೆಯ ಮೇಲೆ ಕೂತುಬಿಟ್ಟ. ಮೂರು ವರ್ಷಕ್ಕೊಮ್ಮೆ ಒಲೆ ಆರಿ ಗಾಳಿ ನಿಂತ ಸಂಜೆ, ನಿಜವಾದ ಹಸಿರು ಜೊತೆಗಾರ ಮೇಲೆ ಎಲ್ಲೋ ಇಣುಕಿ ನೋಡಿ, ತನ್ನ ಜಾಗದಲ್ಲಿ ಇನ್ನೊಬ್ಬ ನಿಂತದ್ದನ್ನು ಕಂಡು ಹೋಗಿತ್ತು. ನಾಳೆ ಒಲೆ ಹೊತ್ತುತ್ತದೆ. ಕನ್ನಡಿ ಸರಿಮಾಡಿದರೆ ಒಂದೇ ಕಾಣುತ್ತದೆ, ಕಂಬ ಉರುಳುತ್ತದೆ. ಸರಿಮಾಡದಿದ್ದರೆ ಕಂಬ ಉಳಿಯುತ್ತದೆ, ಆದರೆ ಎಲ್ಲವೂ ಜೋಡಿಯಾಗಿ ಕಾಣುವ ದುರ್ಬೀನಿನಲ್ಲಿ ಜೋಡಿಯನ್ನು ಹುಡುಕುವುದು ಹೇಗೆ. ಬೆಳಕಿದ್ದಾಗ ಗುಟ್ಟಾಗಿ ಸರಿಯಾದ ಕನ್ನಡಿಯೊಂದನ್ನು ಮಾಡಿಸಿಕೊಂಡು, ಜನ ಬಂದಾಗ ಇದು, ತಾನೊಬ್ಬನೇ ಇದ್ದಾಗ ಅದು ಎಂದು ಬದಲಾಯಿಸಿಕೊಂಡರೆ ಹೇಗೆ? ಈ ಯೋಚನೆ ಬಂದಾಗ ಕೊಂಚ ಉಸಿರಾಡಿದಂತಾಯಿತು. ಹೆಂಡತಿಗೆ ಗೊತ್ತಾಗದಿದ್ದರೆ ಸರಿ.

"ಅಳಿಯಂದಿರೇ," ಎಂದರು ಅತ್ತೆ, ಯಾವಾಗ ಬಂದರೋ, ಬೆನ್ನ ಹಿಂದಿನಿಂದ. "ನೀರಿನ ಟ್ಯಾಂಕಿನ ಮೇಲೆ ದೀಪ ಎಷ್ಟಿದೆ?"

ಚುಕ್ಕಿರಾಯ ಆ ಕಡೆ ನೋಡಿದ. "ಒಂದು, ಅತ್ತೆ."

"ನಾನೂ ಹಾಗೇ ಅಂದುಕೊಂಡಿದ್ದೆ. ಆಗ ನಿಮ್ಮ ದುರ್ಬೀನಿನಲ್ಲಿ ನೋಡಿದರೆ ಎರಡಿದ್ದವು." ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬೆಳಿಗ್ಗೆ ಯಾರೋ ನನಗೆ ಕಣ್ಣು ಕಾಣಿಸಲ್ಲ ಅಂದ ಹಾಗಿತ್ತು."

ಮಗಳಿಗೆ ತಾನೇನೂ ಹೇಳುವುದಿಲ್ಲವೆಂದು ಅತ್ತೆ ಮೃದುವಾಗಿಯೇ ತಿಳಿಸಿದರು. ಅವಳು ಇಷ್ಟು ಖುಷಿಯಾಗಿದ್ದನ್ನು ಕಂಡು ದಿನಗಳಾಗಿದ್ದವಂತೆ. ಹಾಗೆನ್ನುತ್ತಲೇ ಕೈ ಚಾಚಿ, ದುರ್ಬೀನಿನಿಂದ ಕಣ್ಣಿಡುವ ಗಾಜನ್ನು ಎಳೆದುಕೊಂಡರು. ಅದು ಅವನ ಸರ್ವಸ್ವ, ಗಿರಣಿಯ ಎರಡು ಬೆಲ್ಟಿಗಿಂತ ಹೆಚ್ಚಿನ ಬೆಲೆಯದು, ಉಸಿರು ತಾಗಿದರೂ ಅವನು ಮೆತ್ತನೆಯ ಬಟ್ಟೆಯನ್ನು ಹುಡುಕುತ್ತಿದ್ದ.

"ಊರವರ ಬೆವರು, ಹಿಟ್ಟು, ಮೆಣಸಿನಕಾಯಿ ಎಲ್ಲ ಇದಕ್ಕೇ ಮೆತ್ತಿದೆ," ಎಂದರು. "ಬರೀ ಒರೆಸಿದರೆ ಹೋಗಲ್ಲ. ಚೆನ್ನಾಗಿ ಉಜ್ಜಿ ತೊಳೆದಿಡ್ತೀನಿ."

ಚುಕ್ಕಿರಾಯ ಬಾಯಿ ತೆರೆದ. ಅತ್ತೆ ಟ್ಯಾಂಕಿನ ಮೇಲಿನ ದೀಪದ ಕಡೆಗೆ ಸುಮ್ಮನೆ ಕಣ್ಣು ಹಾಯಿಸಿದರು. ಚುಕ್ಕಿರಾಯ ಬಾಯಿ ಮುಚ್ಚಿದ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಪುಡಿಯ ಡಬ್ಬದ ಮುಚ್ಚಳ ತೆಗೆದ ಸದ್ದು, ಅದರ ಹಿಂದೆಯೇ ನಾರಿನ ಪರಪರ ಕೇಳಿಸಿತು. ಹೆಂಡತಿ ಬಂದು ಪಕ್ಕದಲ್ಲಿ ಕೂತು, ಕಿಟಕಿಯ ಕಡೆಗೆ ಕಿವಿಗೊಟ್ಟು ನಕ್ಕಳು.

"ನೋಡಿದಿರೇನ್ರೀ? ಒಂದೇ ದಿನಕ್ಕೆ ಅಮ್ಮನಿಗೂ ನಿಮ್ಮ ದುರ್ಬೀನಿನ ಮೇಲೆ ಎಷ್ಟು ಅಕ್ಕರೆ ಬಂದುಬಿಟ್ಟಿದೆ."